ಸಣ್ಣ ಊರಲ್ಲಿ ಸೂರು ಸಿಗಬೇಕಾದರೆ: ಮನೆ ಎಣಿಸುವುದರಿಂದ ಹಿಡಿದು ಬೀಗದ ಕೈ ಪಡೆಯುವವರೆಗೆ

ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಫೋನ್ ಮಾತು ಬಾಯಿಪಾಠ ಆಗಿರುತ್ತದೆ. ಮೊದಲ ಪ್ರಶ್ನೆ, 'ಎಷ್ಟು ಜನ ಇದ್ದೀರಾ?' ಎರಡನೆಯದು, 'ಏನು ಕೆಲಸ?' ಮೂರನೆಯದಕ್ಕೆ ದನಿ ಸ್ವಲ್ಪ ತಗ್ಗುತ್ತದೆ. 'ತಪ್ಪು ತಿಳ್ಕೋಬೇಡಿ, ನಿಮ್ಮದು ಯಾವ ಜನ?' ಉತ್ತರ ಹೇಳಿದ ಮೇಲೆ ಮನೆ ಇದ್ದಕ್ಕಿದ್ದಂತೆ ಖಾಲಿ ಇರುವುದಿಲ್ಲ. ಅಣ್ಣನ ಮಗ ಬರ್ತಾನಂತೆ, ಸುಣ್ಣ ಹೊಡೆಸಬೇಕಂತೆ, ಏನೋ ಒಂದು.

ಕೆಲವು ವರ್ಷಗಳಿಂದ ನಾನು ಅಕ್ಕಪಕ್ಕದವರ ಜೊತೆ ಕೂತು ವಸತಿ ಅರ್ಜಿ ತುಂಬಿಸುತ್ತಿದ್ದೇನೆ. ಇದು ನನ್ನ ಉದ್ಯೋಗ ಅಲ್ಲ. ಒಬ್ಬರಿಗೆ ಮಾಡಿಕೊಟ್ಟೆ, ಆಮೇಲೆ ಬೀದಿಯವರೆಲ್ಲ ಬಂದರು. ಹಾಗೆ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಚಿಕ್ಕಮಗಳೂರು ನನಗೆ ಗೊತ್ತಿರುವ ಊರು, ಹಾಗಾಗಿ ಉದಾಹರಣೆಗಳು ಇಲ್ಲಿಯವು. ಕರ್ನಾಟಕದ ಬೇರೆ ನಗರಸಭೆ, ಪುರಸಭೆಗಳಲ್ಲೂ ದಾರಿ ಹೆಚ್ಚುಕಡಿಮೆ ಇದೇ.

ಹಂತ 1: ಮೊದಲು ಎಣಿಸಿ

ದೊಡ್ಡ ನಗರದಲ್ಲಿ ಮನೆ ಇಲ್ಲದವರು ಕಣ್ಣಿಗೆ ಬೀಳುತ್ತಾರೆ. ಫ್ಲೈಓವರ್ ಕೆಳಗೆ, ಫುಟ್‌ಪಾತ್ ಮೇಲೆ ಮಲಗಿರುತ್ತಾರೆ. 2011ರ ಜನಗಣತಿಯಲ್ಲಿ ಸುಮಾರು 1.18 ಲಕ್ಷ ಜನರಿದ್ದ ನಮ್ಮಂಥ ಊರಿನಲ್ಲಿ ಹಾಗಲ್ಲ. ಇಲ್ಲಿ ಮನೆ ಇಲ್ಲದವರು ಇನ್ನೊಬ್ಬರ ಮನೆಯೊಳಗೆ ಇದ್ದಾರೆ. ಒಂದೇ ಹಾಲ್‌ನಲ್ಲಿ ಮಧ್ಯೆ ಸೀರೆ ಕಟ್ಟಿಕೊಂಡು ಅಣ್ಣತಮ್ಮಂದಿರ ಎರಡು ಸಂಸಾರ. ಹೊರಗಿನಿಂದ ನೋಡಿದರೆ ಹೆಂಚಿನ ಮನೆ, ಬಾಗಿಲಿಗೆ ತೋರಣ. ಅಧಿಕಾರಿ ಜೀಪಿನಲ್ಲಿ ಹೋಗುತ್ತಾ ನೋಡಿದರೆ ಎಲ್ಲ ಸರಿ ಇದೆ ಅಂತಲೇ ಅನಿಸುತ್ತದೆ.

ಇಡೀ ದೇಶದ ಕಥೆಯೂ ಇದೇ. 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ತಂಡವೊಂದು ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಎಂದು ಲೆಕ್ಕ ಹಾಕಿತು. ಅದರಲ್ಲಿ ತಲೆ ಮೇಲೆ ಸೂರೇ ಇಲ್ಲದ ಕುಟುಂಬಗಳು ಸುಮಾರು 5 ಲಕ್ಷ ಮಾತ್ರ. ಸುಮಾರು 1.5 ಕೋಟಿ ಕುಟುಂಬಗಳ ತೊಂದರೆ ಇಕ್ಕಟ್ಟು. ಅದೇ ಹೊತ್ತಿಗೆ, 2011ರ ಜನಗಣತಿ ಪ್ರಕಾರ, ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಬೀಗ ಹಾಕಿಕೊಂಡು ಖಾಲಿ ಕೂತಿದ್ದವು. ಮನೆ ಇಲ್ಲ ಅಂತಲ್ಲ, ಬೇಕಾದವರಿಗೆ ಇಲ್ಲ.

ಹಾಗಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ನಿಮ್ಮ ಬೀದಿ ಅಥವಾ ವಾರ್ಡಿನಲ್ಲಿ ಮನೆಮನೆಗೆ ಹೋಗಿ. ಇಬ್ಬರು ಹೋಗಿ, ಅದರಲ್ಲಿ ಒಬ್ಬರು ಹೆಂಗಸಾಗಿದ್ದರೆ ಮಾತು ಸುಲಭ. ಕೇಳಬೇಕಾದ್ದು ಇಷ್ಟೇ: ಎಷ್ಟು ಜನ ಇದ್ದೀರಿ, ಎಷ್ಟು ಕೋಣೆ, ಮದುವೆಯಾದ ಜೋಡಿಗಳೆಷ್ಟು, ಸ್ವಂತವೋ ಬಾಡಿಗೆಯೋ, ಬಾಡಿಗೆ ಎಷ್ಟು, ತಿಂಗಳ ದುಡಿಮೆ ಎಷ್ಟು, ಜಾಗದ ಕಾಗದ ಏನಿದೆ. ಆಧಾರ್ ಸಂಖ್ಯೆ ಬರೆದುಕೊಳ್ಳಬೇಡಿ. ಜನ ಹೆದರುತ್ತಾರೆ, ಹೆದರುವುದು ಸರಿಯೂ ಹೌದು.

ದುಡಿಮೆಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬಾಡಿಗೆಗೇ ಹೋಗುತ್ತಿದ್ದರೆ ಆ ಮನೆ ಮುಂದೆ ಒಂದು ಗುರುತು ಹಾಕಿ. ಒಂದು ಕೋಣೆಯಲ್ಲಿ ಎರಡು ಜೋಡಿ ಇದ್ದರೆ ಇನ್ನೊಂದು ಗುರುತು. ಎರಡೂ ಗುರುತು ಬಿದ್ದ ಮನೆಗಳೇ ಮುಂದೆ ನಿಮ್ಮ ಪಟ್ಟಿಯ ತಲೆಯಲ್ಲಿ ಇರಬೇಕು.

ನಮ್ಮ ಕಡೆ ಇನ್ನೊಂದು ಗುಂಪು ಇದೆ, ಮರೆಯಬೇಡಿ. ಕಾಫಿ ತೋಟದ ಲೈನ್ ಮನೆಗಳಿಂದ ಬಂದವರು. ಮೂವತ್ತು ವರ್ಷ ತೋಟದಲ್ಲಿ ದುಡಿದು, ಕೆಲಸ ಮುಗಿದ ದಿನ ಲೈನ್ ಮನೆಯನ್ನೂ ಬಿಡಬೇಕು. ಆ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಅವರ ಕೈಯಲ್ಲಿ ಒಂದು ವಿಳಾಸದ ಪುರಾವೆಯೂ ಉಳಿದಿರುವುದಿಲ್ಲ. ವೋಟರ್ ಕಾರ್ಡ್ ಎಲ್ಲೋ ಹೋಬಳಿಯದು, ಜನ ಇರುವುದು ಪೇಟೆಯ ಹಿಂಬದಿ ಶೆಡ್‌ನಲ್ಲಿ. ಇಂಥವರನ್ನು ಬೇರೆ ಪುಟದಲ್ಲಿ ಬರೆಯಿರಿ. ಅವರ ಕಾಗದಕ್ಕೆ ಜಾಸ್ತಿ ಸಮಯ ಬೇಕು.

ಹಂತ 2: ಯಾರಿಗೆ ಯಾವ ಬಾಗಿಲು

ಎಣಿಸಿದ ಮೇಲೆ ಹೆಸರುಗಳನ್ನು ಗುಂಪು ಮಾಡಿ. ಎಲ್ಲರನ್ನೂ ಒಂದೇ ಅರ್ಜಿಗೆ ನೂಕುವುದೇ ದೊಡ್ಡ ತಪ್ಪು. ನಾನೂ ಮೊದಲ ವರ್ಷ ಅದನ್ನೇ ಮಾಡಿದೆ. ಹನ್ನೊಂದು ಅರ್ಜಿ ಹಾಕಿಸಿದೆ, ಒಂಬತ್ತು ವಾಪಸ್ ಬಂದವು.

ಸ್ವಂತ ಜಾಗ ಇದೆ, ಕಟ್ಟಲು ದುಡ್ಡಿಲ್ಲ ಅನ್ನುವವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಇದೆ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಎರಡನೇ ಸುತ್ತು ಇದು. ಐದು ವರ್ಷದಲ್ಲಿ 1 ಕೋಟಿ ಕುಟುಂಬಗಳ ಗುರಿ ಇಟ್ಟುಕೊಂಡಿದೆ. ಇದರಲ್ಲಿ ನಾಲ್ಕು ದಾರಿಗಳಿವೆ: ನಿಮ್ಮ ಜಾಗದಲ್ಲಿ ನೀವೇ ಕಟ್ಟಿಕೊಳ್ಳುವುದು, ಸರ್ಕಾರ ಅಥವಾ ಖಾಸಗಿಯವರು ಪಾಲುದಾರಿಕೆಯಲ್ಲಿ ಕಟ್ಟಿದ ಮನೆ ಕೊಳ್ಳುವುದು, ಕಡಿಮೆ ಬಾಡಿಗೆಯ ಮನೆ, ಮತ್ತು ಗೃಹಸಾಲದ ಬಡ್ಡಿಗೆ ಸಹಾಯಧನ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷದವರೆಗೆ ಇದ್ದರೆ ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗೆ ಕಡಿಮೆ ಆದಾಯ, 9 ಲಕ್ಷದವರೆಗೆ ಮಧ್ಯಮ. ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವ ಸಹಾಯ ಮೊದಲ ವರ್ಗಕ್ಕೆ ಮಾತ್ರ. ಮನೆ 30ರಿಂದ 45 ಚದರ ಮೀಟರ್ ಒಳಗೆ ಇರಬೇಕು. ಅಂದರೆ ಸುಮಾರು 320ರಿಂದ 480 ಚದರಡಿ.

ಎರಡು ಷರತ್ತು ಎಲ್ಲರನ್ನೂ ಕಾಡುತ್ತವೆ. ಒಂದು, ಕುಟುಂಬದ ಯಾರ ಹೆಸರಿನಲ್ಲೂ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು. ಎರಡು, ಕಳೆದ 20 ವರ್ಷದಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ಆದರೆ ಇಲ್ಲಿ 'ಕುಟುಂಬ' ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಪ್ಪನ ಮನೆಯಲ್ಲಿ ಸೀರೆ ಪರದೆ ಕಟ್ಟಿಕೊಂಡಿರುವ ಮದುವೆಯಾದ ಮಗ ಬೇರೆ ಕುಟುಂಬ. 'ಅಪ್ಪಂಗೆ ಮನೆ ಇದೆಯಲ್ಲ, ನನಗೆ ಕೊಡಲ್ಲ' ಅಂತ ಸುಮ್ನೆ ಕೂತವರು ಎಷ್ಟೋ ಜನ. ಮೊದಲು ರೇಷನ್ ಕಾರ್ಡ್ ಬೇರೆ ಮಾಡಿಸಿಕೊಳ್ಳಿ ಅಂತ ಅವರಿಗೆ ಹೇಳಿ.

ಜಾಗವೇ ಇಲ್ಲದವರಿಗೆ ರಾಜ್ಯದ ಬಾಗಿಲು, ಅಂದರೆ ರಾಜೀವ್ ಗಾಂಧಿ ವಸತಿ ನಿಗಮದ ಯೋಜನೆಗಳು. ಜನರ ಬಾಯಲ್ಲಿ ಇವತ್ತಿಗೂ 'ಆಶ್ರಯ ಮನೆ'. ವಾಜಪೇಯಿ ನಗರ ವಸತಿ ಯೋಜನೆ, ಪರಿಶಿಷ್ಟರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ವಿಧವೆಯರು, ಅಂಗವಿಕಲರು ಮುಂತಾದ ವಿಶೇಷ ವರ್ಗಕ್ಕೆ ದೇವರಾಜ ಅರಸು ವಸತಿ ಯೋಜನೆ ಇವೆ. ನಗರದಲ್ಲಿ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಇದನ್ನು ನೆನಪಿಡಿ, ಹಂತ 5ರಲ್ಲಿ ಬೇಕಾಗುತ್ತದೆ.

ಸರ್ಕಾರಿ ಜಾಗದಲ್ಲಿ ಹಳೇ ಕಾಲದಿಂದ ಮನೆ ಕಟ್ಟಿಕೊಂಡಿರುವವರಿಗೆ ಇನ್ನೊಂದು ದಾರಿ. ಕೊಳೆಗೇರಿ ಎಂದು ಘೋಷಣೆಯಾದ ಪ್ರದೇಶವಾದರೆ 1973ರ ಕರ್ನಾಟಕ ಕೊಳೆಗೇರಿ ಕಾಯ್ದೆಯ ಅಡಿ ಕೊಳಗೇರಿ ಅಭಿವೃದ್ಧಿ ಮಂಡಳಿಯ ಮೂಲಕ ಹಕ್ಕುಪತ್ರ. ಇಲ್ಲದಿದ್ದರೆ ಭೂಕಂದಾಯ ಕಾಯ್ದೆಯ 94ಸಿಸಿ ಕಲಮಿನ ಅಡಿ ಸಕ್ರಮ, ಅಂದರೆ ಅನುಮತಿ ಇಲ್ಲದೆ ಕಟ್ಟಿದ ಮನೆಯನ್ನು ಕಾನೂನುಬದ್ಧ ಮಾಡಿಸಿಕೊಳ್ಳುವುದು. ಇದರ ಅರ್ಜಿ ತಾಲ್ಲೂಕು ಕಚೇರಿಗೆ. ಹಕ್ಕುಪತ್ರ ಬರದೆ ಮನೆ ಸಹಾಯಧನ ಬರುವುದು ಕಷ್ಟ. ಹಾಗಾಗಿ ಇವರ ಮೊದಲ ಕೆಲಸ ಮನೆ ಅಲ್ಲ, ಕಾಗದ.

ಇನ್ನು ಊರಂಚಿನ ಲೇಔಟ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕಂದಾಯ ನಿವೇಶನ, ಅಂದರೆ ಕೃಷಿ ಜಮೀನನ್ನೇ ತುಂಡು ಮಾಡಿ ಮಾರಿದ ಸೈಟು, ಕೊಂಡವರು. ಆ ಜಾಗ ನಗರಸಭೆ ವ್ಯಾಪ್ತಿಯದೋ ಗ್ರಾಮ ಪಂಚಾಯಿತಿಯದೋ ಮೊದಲು ನೋಡಿ. ಪಂಚಾಯಿತಿಯದಾದರೆ ನಗರದ ಯೋಜನೆ ನಿಮಗೆ ಸಿಗುತ್ತದೋ ಇಲ್ಲವೋ ಅಂತ ಮೊದಲೇ ಕೇಳಿಕೊಳ್ಳಿ. ಭೂಪರಿವರ್ತನೆ ಆಗಿದೆಯೋ, ಇ-ಖಾತೆ ಸಿಗುತ್ತದೋ ಅಂತ ವಿಚಾರಿಸದೆ ಅಡ್ವಾನ್ಸ್ ಕೊಡಬೇಡಿ. ಬರೀ ಕರಾರು ಪತ್ರದ ಮೇಲೆ ಕೊಂಡ ಸೈಟು ನಂಬಿ ಯೋಜನೆಗೆ ಅರ್ಜಿ ಹಾಕಿದರೆ ಆ ಅರ್ಜಿ ನಿಲ್ಲುವುದಿಲ್ಲ.

ಹಂತ 3: ಕಾಗದದ ಚೀಲ

ಪ್ರತಿ ಮನೆಗೂ ಒಂದು ಪ್ಲಾಸ್ಟಿಕ್ ಚೀಲ. ಮಲೆನಾಡ ಮಳೆಗೆ ಬೇರೆ ಉಪಾಯವಿಲ್ಲ. ಒಳಗೆ ಇರಬೇಕಾದ್ದು: ಎಲ್ಲರ ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬೇಕಿದ್ದರೆ ಜಾತಿ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್, ಜಾಗದ ಕಾಗದ. ಆದಾಯ ಪ್ರಮಾಣಪತ್ರ ಸಕಾಲ ಸೇವೆಗಳಲ್ಲಿ, ಅಂದರೆ ಇಂತಿಷ್ಟು ದಿನದೊಳಗೆ ಕೊಡಲೇಬೇಕಾದ ಸರ್ಕಾರಿ ಸೇವೆಗಳಲ್ಲಿ, ಬರುತ್ತದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಚೀಟಿ ಕೇಳಿ ತಗೊಳ್ಳಿ. ಆ ಚೀಟಿ ಇಲ್ಲದಿದ್ದರೆ 'ನಾಳೆ ಬನ್ನಿ'ಗೆ ಕೊನೆ ಇಲ್ಲ.

ಅರ್ಧ ಅರ್ಜಿಗಳು ಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್‌ನಲ್ಲಿ ಲಕ್ಷ್ಮೀ, ರೇಷನ್ ಕಾರ್ಡಿನಲ್ಲಿ ಲಕ್ಕಮ್ಮ. ನಮ್ಮ ಕಣ್ಣಿಗೆ ಮೂವರೂ ಒಬ್ಬರೇ, ಕಂಪ್ಯೂಟರ್‌ಗೆ ಮೂರು ಜನ. ಅರ್ಜಿ ಹಾಕುವ ಮೊದಲೇ ಸರಿ ಮಾಡಿಸಿ. ಮನೆ ಹೆಂಗಸಿನ ಹೆಸರಿನಲ್ಲಿ ಅಥವಾ ಜಂಟಿಯಾಗಿ ಇರಬೇಕೆಂಬುದು ಕೇಂದ್ರ ಯೋಜನೆಯ ನಿಯಮ. ಹಾಗಾಗಿ ಅವಳ ಕಾಗದವೇ ಮೊದಲು ಸರಿಯಾಗಲಿ.

ಕೇಂದ್ರ ಯೋಜನೆಯ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. 'ಮೇಲೆ ಮಾತಾಡ್ತೀನಿ, ಐದು ಸಾವಿರ ಕೊಡಿ' ಅನ್ನುವವನು ಎಲ್ಲ ಊರಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಮೇಲೂ ಯಾರೂ ಗೊತ್ತಿಲ್ಲ, ಕೆಳಗೂ ಇಲ್ಲ.

ಹಂತ 4: ಬಾಡಿಗೆ ಮನೆ, ಮತ್ತು 'ಯಾವ ಜನ' ಅನ್ನುವ ಪ್ರಶ್ನೆ

ಯೋಜನೆಯ ಮನೆ ಬರುವುದು ವರ್ಷಗಳ ಮಾತು. ಈ ತಿಂಗಳು ಕಾಲೂರಲು ಬೇಕಿರುವುದು ಬಾಡಿಗೆ ಮನೆ. ಈಗ ಅದೂ ಕಷ್ಟ. ಮುಳ್ಳಯ್ಯನಗಿರಿ ನೋಡಲು ಬರುವವರು ಒಂದು ರಾತ್ರಿಗೆ ಕೊಡುವ ದುಡ್ಡು ನೋಡಿದ ಮಾಲೀಕ, ತಿಂಗಳ ಬಾಡಿಗೆಗೆ ಮನೆ ಕೊಡಲು ಯಾಕೆ ಮುಂದೆ ಬರುತ್ತಾನೆ? ಮಿಕ್ಕ ಮನೆಗಳು ಬೋರ್ಡ್ ಹಾಕುವ ಮೊದಲೇ ಪರಿಚಯದಲ್ಲಿ ಕೈ ಬದಲಾಗುತ್ತವೆ. ಸಣ್ಣ ಊರಿನ ತಾರತಮ್ಯ ಅಂದರೆ ಜಗಳ ಅಲ್ಲ, ಬೈಗುಳ ಅಲ್ಲ. 'ನಮ್ಮವರಿಗೆ' ಮೊದಲೇ ಸುದ್ದಿ ಮುಟ್ಟಿರುತ್ತದೆ, ಅಷ್ಟೇ.

ಕಾನೂನು ಏನು ಹೇಳುತ್ತದೆ ಅಂತ ನೇರವಾಗಿ ಹೇಳಿಬಿಡುತ್ತೇನೆ, ಸುಳ್ಳು ಭರವಸೆ ಬೇಡ. ಸಂವಿಧಾನದ 15ನೇ ವಿಧಿ ತಾರತಮ್ಯ ಮಾಡಬಾರದು ಎಂದು ಕಟ್ಟಿಹಾಕುವುದು ಮುಖ್ಯವಾಗಿ ಸರ್ಕಾರವನ್ನು. ಅದೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರು ಹೇಳುತ್ತದೆ, ಬಾಡಿಗೆ ಮನೆಯ ಹೆಸರು ಹೇಳುವುದಿಲ್ಲ. ಹಾಗಾಗಿ ಖಾಸಗಿ ಮಾಲೀಕ ಧರ್ಮ ನೋಡಿ, ಊಟ ನೋಡಿ, ಒಂಟಿ ಹೆಂಗಸು ಅಂತ ನೋಡಿ ಮನೆ ಇಲ್ಲ ಅಂದರೆ ಅವನ ಮೇಲೆ ಹಾಕಲು ನೇರವಾದ ಕೇಸು ಇಲ್ಲ.

ಆದರೆ ಮೂರು ಕಡೆ ಕಾನೂನು ಗಟ್ಟಿಯಾಗಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸ ಮಾಡಲು ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅಪರಾಧ. ಎಚ್‌ಐವಿ ಇರುವವರಿಗೆ ಆ ಕಾರಣಕ್ಕೆ ಬಾಡಿಗೆ ನಿರಾಕರಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ವಿಷಯದಲ್ಲಿ 2019ರ ಕಾಯ್ದೆ ಅದನ್ನೇ ಹೇಳುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯಕ್ಕೆ ಸಹಾಯವಾಣಿ 14566. ಉಚಿತ ಕಾನೂನು ನೆರವಿಗೆ 15100, ಅಥವಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ.

ದೂರು ಕೊಡಬೇಕಾದರೆ ಪುರಾವೆ ಬೇಕು. ಇದಕ್ಕೆ ನಾವು ಮಾಡುವುದು ಜೋಡಿ ಫೋನ್. ಒಂದೇ ಬೋರ್ಡಿನ ನಂಬರಿಗೆ ಒಂದೇ ದಿನ ಇಬ್ಬರು ಫೋನ್ ಮಾಡುತ್ತಾರೆ. ಕೆಲಸ, ಸಂಬಳ, ಜನ ಎಲ್ಲ ಒಂದೇ ಥರ. ಬದಲಾಗುವುದು ಹೆಸರು ಅಥವಾ ಕೇರಿ ಮಾತ್ರ. ನೋಟ್‌ಬುಕ್‌ನಲ್ಲಿ ಹೀಗೆ ಬರೆದುಕೊಳ್ಳಿ:

'ಬೆಳಿಗ್ಗೆ 10.10: ಮೊದಲ ಫೋನ್. ಎರಡು ಬೆಡ್‌ರೂಮ್, ಖಾಲಿ ಇದೆ, ಸಂಜೆ ಬಂದು ನೋಡಿ ಅಂದರು. ಎಲ್ಲಿಯವರು ಅಂತ ಕೇಳಿದರು, ಕೇರಿ ಹೆಸರು ಹೇಳಿದ ಮೇಲೆ ಯಜಮಾನರನ್ನು ಕೇಳಿ ಹೇಳ್ತೀನಿ ಅಂದರು. 10.40: ಖಾಲಿ ಇಲ್ಲ ಅಂತ ಮೆಸೇಜ್. 11.25: ಎರಡನೇ ಫೋನ್. ಖಾಲಿ ಇದೆ, ಈಗಲೇ ಬನ್ನಿ ಅಂದರು.'

ಮೆಸೇಜ್ ಅಳಿಸಬೇಡಿ. ಒಂದು ಸಲ ಆದದ್ದು ಏನನ್ನೂ ಹೇಳುವುದಿಲ್ಲ. ಒಂದೇ ಬೀದಿಯಲ್ಲಿ ಆರು ಸಲ ಆದರೆ ಕಾನೂನು ನೆರವಿನ ವಕೀಲರ ಮುಂದೆ ಇಡುವಷ್ಟು ಸರಕು ಅದು.

ದೂರಿಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇನ್ನೊಂದು: ಖಾಲಿ ಮನೆಗಳ ಪಟ್ಟಿ. ಕಟಿಂಗ್ ಶಾಪ್, ದಿನಸಿ ಅಂಗಡಿ, ಹಾಲಿನ ಬೂತ್. ಯಾವ ಮನೆ ಖಾಲಿಯಾಯಿತು ಅಂತ ಈ ಮೂರು ಕಡೆ ಗೊತ್ತಿಲ್ಲದೆ ಇರುವುದಿಲ್ಲ. ವಾರಕ್ಕೊಮ್ಮೆ ಕೇಳಿಕೊಂಡು ಬಂದು, ಮಾಲೀಕರ ಒಪ್ಪಿಗೆ ಪಡೆದು, ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿ. ಸುದ್ದಿ ಎಲ್ಲರಿಗೂ ಒಟ್ಟಿಗೆ ಸಿಕ್ಕಿದರೆ 'ನಮ್ಮವರಿಗೆ ಮೊದಲು' ಅನ್ನುವುದು ಸ್ವಲ್ಪ ಕಷ್ಟವಾಗುತ್ತದೆ. ಯಾವ ಮಾಲೀಕರು ಜಾತಿ ಕೇಳುವುದಿಲ್ಲವೋ ಅವರ ಹೆಸರೂ ಬೇಗ ಊರಲ್ಲಿ ಓಡಾಡುತ್ತದೆ. ನನಗೆ ಗೊತ್ತಿರುವ ರಿಟೈರ್ಡ್ ಮೇಷ್ಟರೊಬ್ಬರು ಕೇಳುವುದು ಒಂದೇ ಪ್ರಶ್ನೆ: 'ಐದನೇ ತಾರೀಕಿನ ಒಳಗೆ ಕೊಡ್ತೀರಾ?'

ಮನೆ ಸಿಕ್ಕ ಮೇಲೆ ಕರಾರು ಬರೆಸಿಕೊಳ್ಳಿ. ಅಡ್ವಾನ್ಸ್ ಎಷ್ಟು, ಖಾಲಿ ಮಾಡಿದಾಗ ಎಷ್ಟು ದಿನದಲ್ಲಿ ವಾಪಸ್, ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಮೂರೂ ಬರಹದಲ್ಲಿ ಇರಲಿ. ನನ್ನದೇ ಅಡ್ವಾನ್ಸ್‌ನಲ್ಲಿ ಒಬ್ಬ ಮಾಲೀಕರು ಎರಡು ತಿಂಗಳ ದುಡ್ಡು 'ಪೇಂಟಿಂಗ್' ಅಂತ ಹಿಡಿದರು. ಗೋಡೆಗೆ ಇವತ್ತಿಗೂ ಬಣ್ಣ ಕಂಡಿಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು, ಅದಕ್ಕೇ ಎಲ್ಲರೂ 11 ತಿಂಗಳು ಅಂತ ಬರೆಯುವುದು. ಭೋಗ್ಯಕ್ಕೆ, ಅಂದರೆ ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ಮನೆ ಹಾಕಿಕೊಳ್ಳುವವರು ಇನ್ನೂ ಹುಷಾರು. ಲಕ್ಷಗಟ್ಟಲೆ ಕೊಟ್ಟು ಬರೀ ಸ್ಟ್ಯಾಂಪ್ ಪೇಪರ್ ಹಿಡಿದುಕೊಂಡರೆ, ಮಾಲೀಕ ಸಾಲ ತೀರಿಸದೆ ಬ್ಯಾಂಕು ಮನೆ ಮುಟ್ಟುಗೋಲು ಹಾಕಿದ ದಿನ ನಿಮ್ಮ ದುಡ್ಡಿಗೆ ದಿಕ್ಕಿಲ್ಲ. ಭೋಗ್ಯವನ್ನು ನೋಂದಣಿ ಮಾಡಿಸಿ, ಮನೆಯ ಮೇಲೆ ಸಾಲ ಇದೆಯೋ ಅಂತ ತೋರಿಸುವ ಋಣಭಾರ ಪತ್ರ (ಇಸಿ) ತೆಗೆಸಿ ನೋಡಿ.

'ನಾಳೆ ಬೆಳಿಗ್ಗೆ ಖಾಲಿ ಮಾಡು' ಅಂದರೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಊರು ನೋಡಿಕೊಂಡು 2,000 ಅಥವಾ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಮನೆ ಎಲ್ಲಿದೆ, ಅಲ್ವಾ? ಹಾಗಂತ ಬೀದಿಗೆ ಹಾಕುವಂತಿಲ್ಲ. ತಿಂಗಳ ಬಾಡಿಗೆಯವರಿಗೂ 15 ದಿನದ ನೋಟಿಸ್ ಕೊಡಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಆಮೇಲೂ ಬಿಡದಿದ್ದರೆ ಮಾಲೀಕರು ಕೋರ್ಟಿಗೆ ಹೋಗಬೇಕು. ಸಾಮಾನು ಹೊರಗೆ ಎಸೆಯುವುದು, ನೀರು ಕರೆಂಟು ಕಡಿಯುವುದು ದಾರಿಯಲ್ಲ. ಬಾಡಿಗೆಯನ್ನು ಯುಪಿಐನಲ್ಲಿ ಕೊಟ್ಟರೆ ನೀವು ಅಲ್ಲಿದ್ದದ್ದಕ್ಕೆ ಅದೇ ಸಾಕ್ಷಿ. ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಬೇರೆ ಮೀಟರ್ ಇರುವ ಮನೆಯನ್ನೇ ನೋಡಿ.

ಹಂತ 5: ಪಟ್ಟಿಯ ಬೆನ್ನು ಹತ್ತುವುದು

ಅರ್ಜಿ ಹಾಕಿ ಮನೆಗೆ ಬಂದು ಮಲಗಿದರೆ ಆಗಲಿಲ್ಲ. ಯಾರ ಹೆಸರು ಬಂತು, ಯಾರದು ಬಿತ್ತು ಅಂತ ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಸಿಟ್ಟನ್ನೆಲ್ಲ ಅದರಲ್ಲಿ ತುಂಬಬೇಡಿ. 'ಯಾಕೆ ಕೊಡಲಿಲ್ಲ' ಅಂತ ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಿ. ನಾವು ಬಳಸುವ ನಮೂನೆ ಇದು:

'ವಿಷಯ: ವಾರ್ಡ್ ಸಂಖ್ಯೆ ಇಂಥದರ ವಸತಿ ಫಲಾನುಭವಿಗಳ ಮಾಹಿತಿ. 1. ಏಪ್ರಿಲ್ 2023ರಿಂದ ಇಂದಿನವರೆಗೆ ಬಂದ ಅರ್ಜಿಗಳ ಸಂಖ್ಯೆ, ಯೋಜನೆವಾರು. 2. ಆಯ್ಕೆಯಾದವರ ಪಟ್ಟಿಯ ಪ್ರತಿ. 3. ತಿರಸ್ಕೃತ ಅರ್ಜಿಗಳ ಪಟ್ಟಿ ಮತ್ತು ಕಾರಣ ದಾಖಲಾದ ಪುಟಗಳ ಪ್ರತಿ. 4. ಆಶ್ರಯ ಸಮಿತಿಯ ಕಳೆದ ಮೂರು ಸಭೆಗಳ ನಡಾವಳಿಯ ಪ್ರತಿ.'

ಉತ್ತರ ಬಂದ ದಿನ ನಿಮ್ಮ ಹಂತ 1ರ ನೋಟ್‌ಬುಕ್ ಪಕ್ಕದಲ್ಲಿ ಇಟ್ಟು ನೋಡಿ. ಎರಡು ಗುರುತು ಬಿದ್ದ ಮನೆಗಳಲ್ಲಿ ಎಷ್ಟು ಪಟ್ಟಿಯಲ್ಲಿವೆ? ಅಂಗವಿಕಲರಿಗೆ ವಸತಿ ಯೋಜನೆಗಳಲ್ಲಿ ಶೇ. 5 ಮೀಸಲು ಎಂದು 2016ರ ಕಾಯ್ದೆ ಹೇಳುತ್ತದೆ. ಅಷ್ಟು ಹೆಸರು ಇವೆಯಾ? ಈ ಒಂದು ಪುಟವನ್ನು ಹಿಡಿದುಕೊಂಡು ಶಾಸಕರ ಕಚೇರಿಗೆ ಹೋದರೆ ಮಾತಿನ ಧಾಟಿಯೇ ಬೇರೆ. ಬರಿಗೈಯಲ್ಲಿ ಹೋದವರಿಗೆ ಕಾಫಿ ಸಿಗುತ್ತದೆ, ಪಟ್ಟಿ ಹಿಡಿದು ಹೋದವರಿಗೆ ಉತ್ತರ.

ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೂ ಹೋಗಿ. ನಾವು ಹೋದಾಗ ಅಲ್ಲಿ ಇದ್ದವರು ಬಹುತೇಕ ವರ್ತಕರು. ಪಾರ್ಕಿಂಗ್ ಬಗ್ಗೆ ಅರ್ಧ ಗಂಟೆ ಮಾತಾಡಿದರು, ಮನೆ ಬಗ್ಗೆ ಯಾರೂ ಎತ್ತಲಿಲ್ಲ. ನಗರಾಡಳಿತದ ಸ್ವಂತ ನಿಧಿಯಲ್ಲಿ ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಮೀಸಲು. ಇಡೀ ಮನೆ ಕಟ್ಟುವಷ್ಟು ಅಲ್ಲದಿದ್ದರೂ ಸೋರುವ ಮಾಡು, ಶೌಚಾಲಯ, ನಲ್ಲಿ ಸಂಪರ್ಕಕ್ಕೆ ಆಗುತ್ತದೆ. ಕಳೆದ ವರ್ಷ ಎಷ್ಟು ಖರ್ಚಾಯಿತು ಅಂತ ಒಂದೇ ಪ್ರಶ್ನೆ ಕೇಳಿ ಕೂತುಕೊಳ್ಳಿ. ನಡಾವಳಿಯಲ್ಲಿ ಬರೆಯಿಸಿ.

ಹಂತ 6: ಕಟ್ಟುವಾಗ

ಮಂಜೂರಾತಿ ಬಂತು ಅಂತ ಹಳೇ ಮನೆ ಕೆಡವಬೇಡಿ. ಕೆಲಸದ ಆದೇಶ ಕೈಗೆ ಬರಲಿ. ದುಡ್ಡು ಕಂತಿನಲ್ಲಿ ಬರುತ್ತದೆ: ತಳಪಾಯ, ಗೋಡೆ, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ ಆಗಬೇಕು, ಆಮೇಲೆ ಖಾತೆಗೆ ಹಣ. ಅಂದರೆ ಮೊದಲು ನಿಮ್ಮ ಕೈಯಿಂದ ಹಾಕಿ ಕಟ್ಟಬೇಕು. ಮೀಟರ್ ಬಡ್ಡಿಗೆ ಬೀಳುವುದು ಇಲ್ಲೇ. ಸ್ವಸಹಾಯ ಸಂಘದ ಸಾಲವನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ತಳಪಾಯದ ದುಡ್ಡು ಕೈಯಲ್ಲಿ ಇಲ್ಲದೆ ಅಗೆಯಲು ಶುರು ಮಾಡಬೇಡಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಸಂಕ್ರಾಂತಿ ಕಳೆದ ಕೂಡಲೇ ತಳಪಾಯ ಹಾಕಿದರೆ ಮುಂಗಾರಿನ ಮುಂಚೆ ಛಾವಣಿ ಮುಟ್ಟಬಹುದು. ಏಪ್ರಿಲ್‌ನಲ್ಲಿ ಶುರು ಮಾಡಿದ ಒಂದು ಮನೆ ಜೂನ್‌ನಲ್ಲಿ ಗೋಡೆ ಮಟ್ಟಕ್ಕೆ ನಿಂತಿತು. ಆ ಸಂಸಾರ ಮಳೆಗಾಲವಿಡೀ ಟಾರ್ಪಾಲಿನ ಕೆಳಗೆ ಕಳೆಯಿತು. ಅಡಿಗೆ ಒಲೆ ಪಕ್ಕದ ಮನೆಯ ಜಗಲಿಯಲ್ಲಿ. ಮಂಜೂರಾತಿ ತಡವಾಗಿ ಬಂದರೆ ನವೆಂಬರ್‌ವರೆಗೆ ಕಾಲಾವಕಾಶ ಕೇಳಿ ಲಿಖಿತವಾಗಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಬಹುಮಹಡಿ ಸಮುಚ್ಚಯದಲ್ಲಿ ಮನೆ ಸಿಗುವುದಾದರೆ, ವಯಸ್ಸಾದವರು, ಅಂಗವಿಕಲರು ಇರುವ ಮನೆಯವರು ನೆಲಮಹಡಿ ಬೇಕು ಅಂತ ಹಂಚಿಕೆಗೆ ಮೊದಲೇ ಅರ್ಜಿ ಕೊಡಿ. ಲಾಟರಿ ಎತ್ತಿದ ಮೇಲೆ ಬದಲಾಯಿಸಲು ಹೋದರೆ ಸುತ್ತಾಟ ಜಾಸ್ತಿ.

ಕೊನೆಯ ಕಂತು ಬಂದ ಮೇಲೆ ಖಾತೆ, ಕರೆಂಟ್ ಮೀಟರ್, ನೀರಿನ ಸಂಪರ್ಕ ಮೂರನ್ನೂ ಮನೆಯೊಡತಿಯ ಹೆಸರಿಗೇ ಮಾಡಿಸಿ, ಆಧಾರ್‌ನಲ್ಲಿ ಇರುವ ಅದೇ ಅಕ್ಷರಗಳಲ್ಲಿ. ಆಮೇಲೆ ನೋಟ್‌ಬುಕ್ ತೆಗೆದು ಆ ಮನೆಯ ಮುಂದೆ ಹಾಕಿದ್ದ ಎರಡೂ ಗುರುತು ಹೊಡೆದುಹಾಕಿ. ಅವರು ಬಿಟ್ಟುಬಂದ ಬಾಡಿಗೆ ಕೋಣೆ ಇದೆಯಲ್ಲ, ಅದನ್ನು ಅವತ್ತೇ ಖಾಲಿ ಮನೆಗಳ ಹಾಳೆಗೆ ಸೇರಿಸಿ.